ಮೂರು ಪೊಟ್ಟಣ ಕೋವಿಮದ್ದು

ನಾನು ಹುಟ್ಟು ಪುಕ್ಕಲ. ಐವತ್ತೆರಡು ವರ್ಷ ಯಾರ ಹತ್ತಿರವೂ ಹೇಳದ ಈ ಮಾತನ್ನು ಈಗ ಬರೆಯುತ್ತಿದ್ದೇನೆ, ಯಾಕೆಂದರೆ ಬರೆಯುವಾಗ ಎದುರಿಗೆ ಕೂತು ನಗುವವರು ಯಾರೂ ಇರುವುದಿಲ್ಲ. ಚಿಕ್ಕವನಿದ್ದಾಗ ದೀಪಾವಳಿಯಲ್ಲಿ ನನ್ನ ಓರಗೆಯವರೆಲ್ಲ ಪಟಾಕಿಯನ್ನು ಕೈಯಲ್ಲೇ ಹಚ್ಚಿ ಎಸೆಯುತ್ತಿದ್ದರೆ, ನಾನು ನಡುಮನೆಯಲ್ಲಿ ಅಕ್ಕಿಮೂಟೆಯ ಹಿಂದೆ ಕಿವಿಗೆ ಬೆರಳಿಟ್ಟುಕೊಂಡು ಕೂತಿರುತ್ತಿದ್ದೆ. ಯಾರಾದರೂ ಕೇಳಿದರೆ ಹೊಟ್ಟೆನೋವು ಎನ್ನುತ್ತಿದ್ದೆ. ಪ್ರತಿ ದೀಪಾವಳಿಗೂ ತಪ್ಪದೆ ನನಗೆ ಹೊಟ್ಟೆನೋವು ಬರುತ್ತಿತ್ತು. ಕಜ್ಜಾಯ ಜಾಸ್ತಿ ತಿಂದಿದ್ದಾನೆ ಎಂದು ಮನೆಯವರು ಜೀರಿಗೆ ನೀರು ಕುಡಿಸುತ್ತಿದ್ದರು.

ಅಂಥವನು ದೊಡ್ಡವನಾಗಿ ಮಸ್ಕತ್ತಿನಲ್ಲಿ ಸೇಫ್ಟಿ ಆಫೀಸರ್ ಆದೆ. ಹೆದರುವವನಿಗೆ ಹೇಳಿ ಮಾಡಿಸಿದ ಕೆಲಸ. ಎಲ್ಲಿ ಏನು ಬೀಳಬಹುದು, ಏನು ಸಿಡಿಯಬಹುದು ಎಂದು ಇಡೀ ದಿನ ಯೋಚಿಸುವುದಕ್ಕೆ ಸಂಬಳ ಕೊಡುತ್ತಾರೆ. ನಮ್ಮ ಕಂಪನಿಯ ವರ್ಕ್‌ಶಾಪ್ ವಾದಿ ಅದಾಯ್‌ನಲ್ಲಿದೆ. ಅಲ್ಲಿ ಬೆಳಿಗ್ಗೆ ಆರೂವರೆಗೆ ಕೆಲಸಗಾರರನ್ನು ಸಾಲಾಗಿ ನಿಲ್ಲಿಸಿ, ನನಗೆ ಬರುವಷ್ಟು ಹಿಂದಿಯಲ್ಲಿ ದಿನಾ ಒಂದೇ ಮಾತು ಹೇಳುತ್ತೇನೆ. ಅನುಮಾನ ಬಂದರೆ ಕೆಲಸ ನಿಲ್ಲಿಸಿ ಎಡಗೈ ಎತ್ತಿ. ಯಾರೂ ಬೈಯುವುದಿಲ್ಲ, ಯಾರೂ ನಗುವುದಿಲ್ಲ. ಹನ್ನೆರಡು ವರ್ಷದಿಂದ ಇದನ್ನು ಹೇಳುತ್ತಿದ್ದೇನೆ. ಮನೆಯಲ್ಲೂ ಹೇಳಿ ಹೇಳಿ ಹೆಂಡತಿ, ಮಗಳು ಇಬ್ಬರಿಗೂ ಬಾಯಿಪಾಠವಾಗಿದೆ.

ನಾನು ಕೆಟ್ಟದ್ದು ನನ್ನ ಬಾಯಿಂದ. ಎರಡು ವರ್ಷದ ಹಿಂದೆ ಫ್ರಾನ್ಸಿನ ಎಂಜಿನಿಯರ್ ಒಬ್ಬ ನಮ್ಮ ಕಂಪನಿಗೆ ಬಂದ. ಅವನಿಗೊಂದು ವಿಚಿತ್ರ ಹುಚ್ಚು. ತನ್ನ ಊರಿನಲ್ಲಿ ಸ್ನೇಹಿತರ ಜೊತೆ ಸೇರಿ ಹದಿನೆಂಟನೆಯ ಶತಮಾನದ ಫ್ರೆಂಚ್ ಸಿಪಾಯಿಗಳ ವೇಷ ಹಾಕಿಕೊಂಡು, ಅವರ ಹಾಗೆಯೇ ಕವಾಯತು ಮಾಡಿ, ಕೋವಿ ಹಾರಿಸಿ, ಗುಡಾರದಲ್ಲಿ ಮಲಗಿ, ಗಂಜಿಯಂಥದ್ದೇನೋ ಬೇಯಿಸಿ ತಿನ್ನುವುದು. ರಜಾದಿನಗಳಲ್ಲಿ ಇದೇ ಕೆಲಸವಂತೆ. ಇಲ್ಲಿನ ಫ್ರೆಂಚರ ವಾರ್ಷಿಕ ಕೂಟದಲ್ಲಿ ಅದನ್ನು ಮಾಡಿ ತೋರಿಸಬೇಕೆಂದು ಹಳೆಯ ಮಾದರಿಯ ಕೋವಿಗಳನ್ನು ಎಲ್ಲ ಅನುಮತಿ ಪಡೆದೇ ತರಿಸಿದ್ದ. ಸಾಲಿಗೆ ಹನ್ನೆರಡು ಜನ ಬೇಕಿತ್ತು. ಮಸ್ಕತ್ತಿನಲ್ಲಿ ಅವನ ಮಾತು ಕೇಳುವ ಫ್ರೆಂಚರು ಏಳೇ ಜನ ಸಿಕ್ಕಿದ್ದರು.

ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಆತ ಇದನ್ನೆಲ್ಲ ವರ್ಣಿಸುತ್ತಿದ್ದಾಗ ನಾನು ಸುಮ್ಮನೆ ಮೊಸರನ್ನ ತಿನ್ನಬೇಕಿತ್ತು. ತಿನ್ನಲಿಲ್ಲ. ನಮ್ಮೂರು ಪಾಂಡವಪುರ, ಹಳಬರು ಅದನ್ನು ಇನ್ನೂ ಫ್ರೆಂಚ್ ರಾಕ್ಸ್ ಅಂತಾರೆ, ನಮ್ಮ ಸುಲ್ತಾನರ ಕಡೆಯಿದ್ದ ನಿಮ್ಮ ಸಿಪಾಯಿಗಳು ನಮ್ಮೂರ ಬಂಡೆಗಳ ಹತ್ತಿರವೇ ಬೀಡುಬಿಟ್ಟಿದ್ದರು, ಆ ಸುಲ್ತಾನರ ವ್ಯಾಪಾರದ ಕೋಠಿಯೂ ಇದೇ ಮಸ್ಕತ್ತಿನಲ್ಲಿತ್ತು ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಆತ ಚಮಚ ಕೆಳಗಿಟ್ಟ. ಎದ್ದು ಬಂದು ನನ್ನ ಕೈಹಿಡಿದು ಕುಲುಕಿದ. ಸುತ್ತಮುತ್ತ ಕೂತವರೆಲ್ಲ ಚಪ್ಪಾಳೆ ಹೊಡೆದರು. ಆಮೇಲೆ ನಾನು ಹೊಟ್ಟೆನೋವು ಎನ್ನುವ ಹಾಗಿರಲಿಲ್ಲ.

ಕಂಪನಿಯ ಇನ್ನು ಮೂವರ ಜೊತೆ ಸ್ಟೋರ್ಸ್ ನೋಡಿಕೊಳ್ಳುವ ಉಡುಪಿಯ ಸ್ನೇಹಿತನೂ ಸೇರಿಕೊಂಡ. "ನಿಮಗೆಂತ ಮಾರಾಯ್ರೆ, ಒಳ್ಳೆ ಎತ್ತರ ಉಂಟು. ಆ ಟೋಪಿ ಇಟ್ರೆ ಥೇಟ್ ರಾಜನ ಕಡೆಯವರ ಹಾಗೆ ಕಾಣ್ತೀರಿ" ಎಂದು ನನ್ನನ್ನು ಇನ್ನಷ್ಟು ಉಬ್ಬಿಸಿದ. ನಾವಿರುವ ರೂವಿಯ ಟೈಲರ್ ಒಬ್ಬರು ಚಿತ್ರ ನೋಡಿಕೊಂಡು ಬಿಳಿ ಉಣ್ಣೆಯ ಕೋಟುಗಳನ್ನು ಹೊಲಿದರು. ಮೊಣಕಾಲಿನವರೆಗೆ ಬರುವ ಬಟ್ಟೆಯ ಪಟ್ಟಿಗೆ ಒಂದೊಂದು ಕಾಲಿಗೂ ಎರಡು ಡಜನ್ ಗುಂಡಿಗಳು. ಹೆಂಡತಿ ನೆಲದ ಮೇಲೆ ಕೂತು ಅವನ್ನು ಒಂದೊಂದಾಗಿ ಹಾಕಿಕೊಡುತ್ತಿದ್ದಳು. ಹನ್ನೆರಡು ವರ್ಷದ ಮಗಳು ಬಾಗಿಲಲ್ಲಿ ನಿಂತು ನೋಡಿ, "ಅಪ್ಪ, ಯು ಲುಕ್ ಲೈಕ್ ಎ ವೆಡ್ಡಿಂಗ್ ಬ್ಯಾಂಡ್" ಎಂದು ಬಿದ್ದು ಬಿದ್ದು ನಕ್ಕಳು. ಅವಳ ನಗು ಜೋರು. ಅದು ಇಡೀ ಕಟ್ಟಡಕ್ಕೇ ಕೇಳುತ್ತದೆ.

ಶುಕ್ರವಾರಗಳಲ್ಲಿ ನಮ್ಮ ವರ್ಕ್‌ಶಾಪಿನ ಹಿಂದಿನ ಬಯಲಿನಲ್ಲಿ, ನಿಂತ ಲಾರಿಗಳ ನಡುವೆ ಕವಾಯತು ನಡೆಯುತ್ತಿತ್ತು. ನಾವೆಲ್ಲ ಆ ಎಂಜಿನಿಯರನ್ನು ಕ್ಯಾಪ್ಟನ್ ಎಂದೇ ಕರೆಯತೊಡಗಿದ್ದೆವು. ಎರಡು ತಿಂಗಳು ಬರೀ ಖಾಲಿ ಕೋವಿ. ಹೆಗಲಿಗೇರಿಸು, ಇಳಿಸು, ಗುರಿಯಿಡು. ಅದು ನನಗೆ ಹಿಡಿಸಿತ್ತು ಎಂದೇ ಹೇಳಬೇಕು. ಸದ್ದಿಲ್ಲದ ಕೋವಿ ಹಿಡಿದು ನಡೆಯುವಾಗ ನಾನು ಧೈರ್ಯವಂತನ ಹಾಗೆ ಕಾಣುತ್ತಿದ್ದೆ.

ಮದ್ದಿನ ಉಸ್ತುವಾರಿಗೆ ಇದ್ದವರು ಚಾಚಾ. ಎಪ್ಪತ್ತರ ಹತ್ತಿರದ ಒಮಾನಿ. ನಲವತ್ತು ವರ್ಷ ಭಾರತೀಯರ ಅಂಗಡಿಗಳಿಗೆ ಲಾರಿ ಓಡಿಸಿದ್ದರಿಂದ ನಮಗಿಂತ ಚೆನ್ನಾಗಿ ಹಿಂದಿ ಮಾತಾಡುತ್ತಿದ್ದರು. ಅವರ ಹಳ್ಳಿಯಲ್ಲಿ ಮದುವೆಗೆ, ಈದ್‌ಗೆ ಬತ್ತಿ ಹಚ್ಚಿ ಹಾರಿಸುವ ಹಳೇ ಕೋವಿಗಳನ್ನು ಈಗಲೂ ಹಾರಿಸುತ್ತಾರೆ. ಹಾಗಾಗಿ ಮದ್ದಿನ ಪರವಾನಗಿ ಅವರ ಹೆಸರಿನಲ್ಲಿತ್ತು. ಪ್ರದರ್ಶನಕ್ಕೆ ಗುಂಡು ಇರುವುದಿಲ್ಲ, ಬರೀ ಮದ್ದು. ಕಾಗದದಲ್ಲಿ ಸುತ್ತಿದ ಪೊಟ್ಟಣವನ್ನು ಹಲ್ಲಿನಿಂದ ಹರಿದು, ಚಿಟಿಕೆಯಷ್ಟನ್ನು ಕೋವಿಯ ಪಕ್ಕದ ಪುಟ್ಟ ಬಟ್ಟಲಿಗೆ ಹಾಕಿ, ಉಳಿದದ್ದನ್ನು ನಳಿಗೆಗೆ ಸುರಿಯಬೇಕು. ಟ್ರಿಗರ್ ಎಳೆದಾಗ ಚಕಮಕಿ ಕಲ್ಲಿನ ಕಿಡಿ ಬಟ್ಟಲಿಗೆ ಬಿದ್ದು, ಅಲ್ಲಿಂದ ಒಂದು ಸಣ್ಣ ತೂತಿನ ಮೂಲಕ ಬೆಂಕಿ ಒಳಗೆ ಹೋಗಿ ನಳಿಗೆಯ ಮದ್ದು ಹೊತ್ತುತ್ತದೆ.

ಆ ತೂತು ಕಟ್ಟಿಕೊಂಡರೆ ಬಟ್ಟಲಿನದ್ದು ಮಾತ್ರ ಭುಸ್ಸೆಂದು ಉರಿದು ಒಳಗಿನದು ಹಾಗೆಯೇ ಉಳಿಯುತ್ತದೆ. ಹನ್ನೆರಡು ಕೋವಿ ಒಟ್ಟಿಗೆ ಹಾರುವ ಗದ್ದಲದಲ್ಲಿ ತನ್ನದು ಹಾರಿತೋ ಇಲ್ಲವೋ ಎಂದು ಹಿಡಿದವನಿಗೇ ತಿಳಿಯುವುದಿಲ್ಲ. ಹಳೇ ಕಾಲದ ಯುದ್ಧಗಳಲ್ಲಿ ಸಿಪಾಯಿಗಳು ಹೀಗೆಯೇ ಒಂದರ ಮೇಲೊಂದು ತುಂಬಿಕೊಂಡು ಹೋಗುತ್ತಿದ್ದರಂತೆ. ಆಮೇಲೆ ಹಾರಿದರೆ ಕೋವಿಯೇ ಸೀಳಬಹುದು, ಗುಂಡಿಲ್ಲದಿದ್ದರೂ ಎದುರಿಗೆ ನಿಂತವರ ಕಣ್ಣು ಹೋಗಬಹುದು, ಹತ್ತಿರವಿದ್ದರೆ ಪ್ರಾಣವೂ ಹೋಗಬಹುದು. ಅದಕ್ಕೇ ನಿಯಮ: ಹೊಗೆ ಬಂತೇ ನೋಡಿಕೊಳ್ಳಿ. ಅನುಮಾನವಿದ್ದರೆ ಎಡಗೈ ಎತ್ತಿ. ಕ್ಯಾಪ್ಟನ್ ಇದನ್ನು ಹೇಳುವಾಗ ನನ್ನ ಕಡೆ ತಿರುಗಿ, ಇದು ನಿಮಗೆ ಹೇಳಬೇಕಾದ್ದೇ ಇಲ್ಲ ಎಂದು ನಕ್ಕ. ನಾನೂ ನಕ್ಕೆ.

ಎಲ್ಲ ಮುಗಿದ ಮೇಲೆ ಚಾಚಾ ಒಬ್ಬೊಬ್ಬರ ಕೋವಿಗೂ ಕಬ್ಬಿಣದ ಸಲಾಕೆ ಇಳಿಬಿಟ್ಟು ನೋಡುತ್ತಿದ್ದರು. ಖಾಲಿಯಿದ್ದರೆ ಸಲಾಕೆ ಪೂರ್ತಿ ಒಳಗಿಳಿದು, ತಳಕ್ಕೆ ಬಡಿದು ಠಣ್ ಎನ್ನುತ್ತದೆ. ನಳಿಗೆಯಲ್ಲೇ ಮರೆತುಬಿಟ್ಟರೆ ಬಾಣದ ಹಾಗೆ ಹಾರೀತೆಂದು ಮೈದಾನದಲ್ಲಿ ಯಾರೂ ಸಲಾಕೆ ಬಳಸುವಂತಿರಲಿಲ್ಲ, ಹನ್ನೆರಡು ಕೋವಿಗಳ ಸಲಾಕೆಗಳನ್ನೂ ಅವರೇ ಒಂದು ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದರು. ಚಾಚಾ ನೋಡುವವರೆಗೆ ಕೋವಿ ತುಂಬಿದೆ ಎಂದೇ ಲೆಕ್ಕ.

ಮದ್ದು ಹಾಕಿ ಅಭ್ಯಾಸ ಮಾಡಿದ್ದು ಒಂದೇ ಸಲ, ಒಂದೇ ಪೊಟ್ಟಣ. ಗುರಿಯಿಟ್ಟೆ. ಟ್ರಿಗರ್ ಎಳೆಯುವ ಮೊದಲೇ ನನ್ನ ಕಣ್ಣು ಮುಚ್ಚಿಕೊಂಡವು. ಸದ್ದಾಯಿತು, ನಾನು ಬದುಕಿದ್ದೆ, ಕೋವಿ ಖಾಲಿಯಾಗಿತ್ತು. ಮೂರು ಮೂಲೆಯ ಟೋಪಿಯ ಅಂಚು ಮುಂದಕ್ಕೆ ಬಂದಿದ್ದರಿಂದ ಯಾರಿಗೂ ಕಂಡಿರಲಿಲ್ಲ. ಮನೆಗೆ ಹೋಗಿ ಕನ್ನಡಿಯ ಮುಂದೆ ನಿಂತು, ಕಣ್ಣು ಬಿಟ್ಟುಕೊಂಡು ಬಾಯಲ್ಲೇ ಢಂ ಢಂ ಎಂದು ಅಭ್ಯಾಸ ಮಾಡಿದೆ. ಬಾಯಲ್ಲಿ ಮಾಡಿದ ಸದ್ದಿಗೆ ಕಣ್ಣು ಮುಚ್ಚುತ್ತಿರಲಿಲ್ಲ.

ಕೂಟ ನಡೆದದ್ದು ಖುರುಮ್‌ನಲ್ಲಿ, ಸಮುದ್ರದ ಪಕ್ಕದ ಒಂದು ಹೋಟೆಲಿನ ಹುಲ್ಲುಹಾಸಿನ ಮೇಲೆ. ಚಳಿಗಾಲದ ಮಧ್ಯಾಹ್ನ, ನಾಲ್ಕು ಗಂಟೆ. ಚಳಿಗಾಲ ಎನ್ನುವುದು ಹೆಸರಿಗೆ. ಉಣ್ಣೆ ಕೋಟಿನೊಳಗೆ ಬೆನ್ನು ತೊಯ್ದುಹೋಗಿತ್ತು. ಮುನ್ನೂರು ಜನ ಸೇರಿದ್ದರು. ಮೊದಲ ಸಾಲಿನಲ್ಲಿ ನಮ್ಮ ಜನರಲ್ ಮ್ಯಾನೇಜರ್, ಮೂರನೆಯ ಸಾಲಿನಲ್ಲಿ ನನ್ನ ಹೆಂಡತಿ, ಮಗಳು. ನನಗೆ ಅವರಿಬ್ಬರು ಬಿಟ್ಟರೆ ಬೇರೆ ಯಾರೂ ಕಾಣುತ್ತಿರಲಿಲ್ಲ. ಚಾಚಾ ಸಾಲಿನ ಹಿಂದೆ ಬಂದು ಒಬ್ಬೊಬ್ಬರ ಚೀಲಕ್ಕೂ ಮೂರು ಪೊಟ್ಟಣ ಹಾಕಿಹೋದರು.

ಮೊದಲ ಸಲ ಕ್ಯಾಪ್ಟನ್ ಕತ್ತಿ ಕೆಳಗಿಳಿಸಿದಾಗ ಕಣ್ಣು ಮುಚ್ಚಿದೆ. ಸಿಡಿಲು ಬಡಿದ ಹಾಗಾಯಿತು. ಕಣ್ಣು ಬಿಟ್ಟಾಗ ಎದುರಿಗೆಲ್ಲ ಬಿಳಿ ಹೊಗೆ, ಯಾರದ್ದು ಯಾವುದೋ. ಹೆಗಲಿಗೆ ಒದೆತ ಬಿದ್ದಿತೇ? ಬರೀ ಮದ್ದಿಗೆ ಒದೆತ ಕಡಿಮೆ, ಜೊತೆಗೆ ಉಣ್ಣೆ ಕೋಟು ದಪ್ಪ. ಬಲಗಡೆಯಿದ್ದ ಉಡುಪಿಯ ಸ್ನೇಹಿತ ಆಗಲೇ ಎರಡನೆಯ ಪೊಟ್ಟಣವನ್ನು ಹಲ್ಲಿಗಿಟ್ಟಿದ್ದ. ನಾನೂ ಹರಿದೆ. ಸುರಿದೆ. ಎರಡನೆಯ ಸಲವೂ ಕಣ್ಣು ಮುಚ್ಚಿದವು. ಈ ಸಲ ಬಿಟ್ಟುಕೊಂಡಿರಲೇಬೇಕೆಂದು ಮೂರನೆಯದಕ್ಕೆ ಹಲ್ಲು ಕಚ್ಚಿದೆ. ಅದಕ್ಕೂ ಮುಚ್ಚಿದವು.

ಚಪ್ಪಾಳೆ ಬಿತ್ತು. ಕೋವಿ ಹೆಗಲಿಗೇರಿಸಿ ನಿಂತಾಗ ನನ್ನೊಳಗೆ ಒಂದು ಪ್ರಶ್ನೆ ಎದ್ದಿತು. ಮೂರರಲ್ಲಿ ಒಂದನ್ನಾದರೂ ನೀನು ನೋಡಿದೆಯಾ? ನೋಡಿರಲಿಲ್ಲ. ಕೈ ಎತ್ತಬೇಕಿತ್ತು. ಎಡಗೈ ಖಾಲಿಯಾಗಿಯೇ ಇತ್ತು. ಎತ್ತಿದರೆ ಕ್ಯಾಪ್ಟನ್ ಬರುತ್ತಾನೆ, ಯಾವುದು ಹಾರಲಿಲ್ಲ ಎನ್ನುತ್ತಾನೆ, ಗೊತ್ತಿಲ್ಲ ಎನ್ನಬೇಕು, ಯಾಕೆ ಗೊತ್ತಿಲ್ಲ ಎನ್ನುತ್ತಾನೆ. ಮುನ್ನೂರು ಜನರ ಮುಂದೆ ಸೇಫ್ಟಿ ಆಫೀಸರ್ ತಾನು ಕಣ್ಣು ಮುಚ್ಚಿದ್ದೆ ಎನ್ನಬೇಕು. ಜನರಲ್ ಮ್ಯಾನೇಜರ್ ನಗುತ್ತಾರೆ. ಸೋಮವಾರದ ಹೊತ್ತಿಗೆ ವರ್ಕ್‌ಶಾಪಿನ ವೆಲ್ಡರ್‌ಗಳು ನಗುತ್ತಾರೆ. ಎಲ್ಲರಿಗಿಂತ ಜೋರಾಗಿ ನನ್ನ ಮಗಳು ನಗುತ್ತಾಳೆ.

ಹೇಗೂ ಚಾಚಾ ಸಲಾಕೆ ತಂದು ನೋಡುತ್ತಾರಲ್ಲ, ಅಷ್ಟರವರೆಗೆ ಸುಮ್ಮನಿರೋಣ ಎಂದುಕೊಂಡೆ. ಆದರೆ ಅವರು ಸಾಲಿನ ಆ ತುದಿಯಿಂದ ಶುರುಮಾಡಿ ಇನ್ನೂ ನಾಲ್ಕು ಕೋವಿ ನೋಡಿದ್ದರೋ ಇಲ್ಲವೋ, ಯಾರೋ ದೊಡ್ಡವರು ಅವರನ್ನೂ ಕ್ಯಾಪ್ಟನ್ನನ್ನೂ ಫೋಟೋಗೆ ಕರೆದರು. ಹಲ್ವಾ ಬಂತು, ಕಹ್ವಾ ಎಂಬ ಅರಬ್ಬೀ ಕಾಫಿ ಬಂತು. ಸಾಲು ಚದುರಿತು. ಮಕ್ಕಳು ಹುಲ್ಲುಹಾಸಿಗೆ ನುಗ್ಗಿದರು.

ನಾನು ಮೆಲ್ಲನೆ ನಳಿಗೆಯ ಮೇಲೆ ಅಂಗೈ ಇಟ್ಟು ನೋಡಿದೆ. ಬಿಸಿ. ಹಾರಿದ ಕೋವಿ ಬಿಸಿಯಾಗಿರುತ್ತದೆ ಎಂದು ಚಾಚಾ ಹೇಳಿದ್ದರು. ಅಬ್ಬಾ ಎನಿಸಿತು. ಪಕ್ಕದ ಮೇಜಿನ ಮೇಲೆ ಪ್ರದರ್ಶನಕ್ಕೆಂದು ಮತ್ತೊಂದು ಕೋವಿ ಮಲಗಿಸಿದ್ದರು. ಅದನ್ನು ಅಂದು ಯಾರೂ ಮುಟ್ಟಿರಲಿಲ್ಲ. ಯಾಕೋ ಅದರ ಮೇಲೂ ಕೈಯಿಟ್ಟೆ. ಅದೂ ಅಷ್ಟೇ ಬಿಸಿಯಿತ್ತು. ಮಸ್ಕತ್ತಿನ ಬಿಸಿಲಿಗೆ ಕಬ್ಬಿಣ ಇನ್ನು ಹೇಗಿರುತ್ತದೆ?

ಅದೇ ಹೊತ್ತಿಗೆ ಮಗಳು ಓಡಿಬಂದಳು. ಹಿಂದೆಯೇ ಹೆಂಡತಿ, ಫೋನು ಹಿಡಿದುಕೊಂಡು.

"ಅಪ್ಪ, ಕ್ಯಾನ್ ಐ ಹೋಲ್ಡ್ ಇಟ್? ಪ್ಲೀಸ್ ಅಪ್ಪ."

ಸುತ್ತಲೂ ಮಕ್ಕಳು ಬೇರೆಯವರ ಕೋವಿ ಹಿಡಿದು ಟ್ರಿಗರ್ ಎಳೆದು ಕಿಡಿ ಹಾರಿಸುತ್ತಿದ್ದರು. ಉಡುಪಿಯ ಸ್ನೇಹಿತ ಯಾರದೋ ಮಗುವಿಗೆ ಮಂಡಿಯೂರಿ ತೋರಿಸಿಕೊಡುತ್ತಿದ್ದ. ನನ್ನನ್ನು ನೋಡಿ, "ಕೊಡಿ ಮಾರಾಯ್ರೆ, ಎಲ್ಲ ಚಾಚಾ ನೋಡಿ ಆಗಿದೆ. ಖಲಾಸ್" ಎಂದ. ಅವನದು ನೋಡಿ ಆಗಿತ್ತೋ ಏನೋ. ನನ್ನದು ಆಗಿರಲಿಲ್ಲ. ನನಗದು ಗೊತ್ತಿತ್ತು.

ಬೇಡ ಎನ್ನಲು ಒಂದು ಕಾರಣ ಬೇಕಿತ್ತು. ಭಾರ ಇದೆ ಎನ್ನಬಹುದಿತ್ತು. ಕೈ ಮಸಿಯಾಗುತ್ತದೆ ಎನ್ನಬಹುದಿತ್ತು. ಹೊಟ್ಟೆನೋವು ಎಂದಾದರೂ ಅನ್ನಬಹುದಿತ್ತು. ಒಂದೂ ಹೊಳೆಯಲಿಲ್ಲ. ಬಿಸಿಲಿಗೆ ಕಾದಿದ್ದರೂ ಬಹುಶಃ ಹಾರಿರಲೂಬಹುದು ಎಂದುಕೊಳ್ಳುತ್ತಾ ನಾನು ಅದನ್ನು ನನ್ನ ಕೈಯಾರೆ ನನ್ನ ಮಗಳ ಕೈಗೆ ಕೊಟ್ಟೆ.

"ಸೋ ಹೆವಿ" ಎಂದು ನಕ್ಕಳು. ಉಳಿದ ಮಕ್ಕಳನ್ನು ನೋಡಿ ಕಲಿತಿದ್ದಳು. ಕಲ್ಲು ಕಚ್ಚಿದ ಕೊಕ್ಕೆಯನ್ನು ಎರಡೂ ಹೆಬ್ಬೆರಳಿನಿಂದ ಹಿಂದಕ್ಕೆಳೆದಳು. ಕಟಕ್ ಎಂದಿತು. ಬುಡವನ್ನು ಹೆಗಲಿಗೆ ಒತ್ತಿಕೊಂಡಳು. ಹೆಂಡತಿ ಎರಡು ಮಾರು ದೂರದಲ್ಲಿ ನಿಂತು, "ಸ್ವಲ್ಪ ಈ ಕಡೆ ತಿರುಗು ಪುಟ್ಟ. ನನ್ನ ನೋಡು" ಎಂದಳು. ನಳಿಗೆ ನಿಧಾನವಾಗಿ ತಿರುಗಿತು. ಅಮ್ಮನ ಎದೆಯ ನೇರಕ್ಕೆ ಬಂದು ನಿಂತಿತು.

ನಾನು ಮಗಳ ಹಿಂದೆ ಒಂದು ಹೆಜ್ಜೆ ದೂರದಲ್ಲಿದ್ದೆ. ಕೈ ಚಾಚಿದರೆ ಸಿಗುವಷ್ಟು. ಆ ಹೊತ್ತಿನಲ್ಲಿ ಏನಾಯಿತೆಂದು ಈಗ ಎಷ್ಟು ನೆನಪಿಸಿಕೊಂಡರೂ ನನ್ನ ಕಿವಿಯೊಳಗಿನ ಗುಂಯ್ ಸದ್ದು ಬಿಟ್ಟರೆ ಬೇರೇನೂ ನೆನಪಾಗುವುದಿಲ್ಲ. ಕೈಕಾಲು ನನ್ನವಾಗಿರಲಿಲ್ಲ. ಅಕ್ಕಿಮೂಟೆಯ ಹಿಂದೆ ಕೂತವನಿಗೆ ಹೇಗಿರುತ್ತಿತ್ತೋ ಹಾಗೇ ಇತ್ತು.

ಕೋವಿಯನ್ನು ಮೇಲಕ್ಕೆತ್ತಿದ್ದು ಚಾಚಾ. ಅವರು ಹಲ್ವಾದ ತಟ್ಟೆಯನ್ನು ಅಲ್ಲೇ ಬಿಟ್ಟು, ಉಳಿದ ಕೋವಿಗಳನ್ನು ನೋಡಲು ಬರುತ್ತಿದ್ದರಂತೆ. ನಳಿಗೆಯ ಕೆಳಗೆ ಅಂಗೈ ಕೊಟ್ಟು ಆಕಾಶಕ್ಕೆ ತಿರುಗಿಸಿ, ಇನ್ನೊಂದು ಕೈಯಿಂದ ಕೊಕ್ಕೆ ಹಿಡಿದು ಮೆಲ್ಲನೆ ಇಳಿಸಿದರು. ಮಗಳ ತಲೆ ಸವರಿ, "ಶಾಬಾಶ್ ಬೇಟಿ, ಈಗ ನನಗೆ ಕೊಡು" ಎಂದು ಹಿಂದಿಯಲ್ಲಿ ಹೇಳಿದರು. ಯಾರಿಗೂ ಏನೂ ಅನಿಸಲಿಲ್ಲ. ಹೆಂಡತಿ ಫೋಟೋ ಬಂತೇ ಎಂದು ಫೋನು ನೋಡುತ್ತಿದ್ದಳು.

ಚಾಚಾ ನನ್ನನ್ನೂ ಕರೆದುಕೊಂಡು ಮರದ ಕಡೆ ಹೋದರು. ಚೀಲದಿಂದ ಸಲಾಕೆ ತೆಗೆದು ಇಳಿಬಿಟ್ಟರು. ಠಣ್ ಎನ್ನಲಿಲ್ಲ. ಮೆತ್ತಗೆ ಡುಬ್ ಎಂದಿತು. ಸಲಾಕೆ ಒಂದು ಗೇಣು ಹೊರಗೇ ಉಳಿಯಿತು. ಅವರು ಆ ಗೇಣಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು.

"ಮೂರೂ ಒಳಗೇ ಇವೆ" ಎಂದರು. "ಕಣ್ಣು ಮುಚ್ಚಿದ್ದೆಯಾ?"

ಹೌದೆಂದು ತಲೆಯಾಡಿಸಿದೆ.

"ಮಗಳು ಎಳೆದಿದ್ದರೆ ಹಾರುತ್ತಿತ್ತಾ ಚಾಚಾ?"

ಅವರು ತೂತಿಗೆ ತಂತಿ ಹಾಕಿ ಕೆದಕಿದರು. "ಹಾರದೇ ಇರಬಹುದಿತ್ತು" ಎಂದರು. ಆಮೇಲೆ ನೀರು ತರಿಸಿ ನಳಿಗೆಗೆ ಸುರಿದರು. ಕಪ್ಪು ರಾಡಿ ಹುಲ್ಲಿನ ಮೇಲೆ ಹರಿಯುತ್ತಲೇ ಇತ್ತು. ನಾನು ಅಲ್ಲೇ ಕೂತುಬಿಟ್ಟೆ. ಬಿಳಿ ಕೋಟಿಗೆ ಮಣ್ಣಾಗುತ್ತದೆ ಎಂದು ದೂರದಿಂದ ಹೆಂಡತಿ ಕೂಗಿದಳು.

ರೂವಿಗೆ ಮರಳುವಾಗ ಕಾರಿನಲ್ಲಿ, ಯಾಕೆ ಸಪ್ಪಗಿದ್ದೀರಿ ಎಂದು ಹೆಂಡತಿ ಕೇಳಿದಳು. ಬಿಸಿಲು, ಸುಸ್ತು ಎಂದೆ. ಹೆಂಡತಿ ನಂಬಿದಳು. ಮನೆಗೆ ಬಂದು ನನ್ನ ಕಾಲಿನ ಗುಂಡಿಗಳನ್ನು ಅವಳೇ ಬಿಚ್ಚಿಕೊಟ್ಟು, ಕಾಫಿ ತಂದಿಟ್ಟಳು. ಮಗಳು ಅಮ್ಮನ ಫೋನು ಹಿಡಿದು ಸೋಫಾದ ಮೇಲೆ ಬಿದ್ದುಕೊಂಡಿದ್ದಳು.

"ಅಮ್ಮ, ಇದು ಸೂಪರಾಗಿ ಬಂದಿದೆ. ಅಜ್ಜಿಗೆ ಕಳಿಸ್ಲಾ? ಅಪ್ಪನ ಮುಖ ನೋಡು, ಸೋ ಫನ್ನಿ."

ಹೆಂಡತಿ ಕನ್ನಡಕ ಹಾಕಿಕೊಂಡು ನೋಡಿದಳು. ನಗುತ್ತಲೇ ನೋಡಿದವಳು ನಗು ನಿಲ್ಲಿಸಿದಳು. ಫೋನನ್ನು ನನ್ನ ಮುಂದೆ ಹಿಡಿದಳು.

ಚಿತ್ರದ ನಡುವೆ ನಳಿಗೆಯ ಬಾಯಿ, ಕಪ್ಪಗೆ, ದುಂಡಗೆ, ನೇರ ನೋಡುವವರ ಕಡೆಗೆ. ಅದರ ಹಿಂದೆ ಒಂದು ಕಣ್ಣು ಮುಚ್ಚಿ ಹಲ್ಲು ಬಿಟ್ಟ ಮಗಳು. ಅವಳ ಹಿಂದೆ ಬಿಳಿ ಕೋಟು, ಮೂರು ಮೂಲೆಯ ಟೋಪಿ, ನಾನು. ನನ್ನ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದ್ದವು. ಹೆಗಲು ಕಿವಿಯವರೆಗೆ ಏರಿತ್ತು. ಸದ್ದಿಗೆ ಕಾದು ನಿಂತವನ ಮುಖ ಅದು.

"ನಿಮಗೆ ಗೊತ್ತಿತ್ತು" ಎಂದಳು.

"ಗೊತ್ತಿರಲಿಲ್ಲ" ಎಂದೆ. "ಅನುಮಾನ ಇತ್ತು."

"ಅನುಮಾನ ಬಂದ್ರೆ ಏನ್ ಮಾಡ್ಬೇಕು ಅಂತ ಊರಿಗೆಲ್ಲ ಹೇಳ್ತೀರಲ್ರೀ."

ಅವಳು ಎದೆಯ ಮೇಲೆ ಕೈಯಿಟ್ಟುಕೊಂಡು ಊಟದ ಮೇಜಿನ ಕುರ್ಚಿಗೆ ಹೋಗಿ ಕೂತಳು. ಆ ಕೈ ಎಲ್ಲಿತ್ತೋ ನಳಿಗೆಯೂ ಅಲ್ಲಿಗೇ ತಿರುಗಿತ್ತು.

ಮಗಳು ಅವಳ ಮುಖ, ನನ್ನ ಮುಖ ನೋಡಿದಳು. "ಏನಾಯ್ತು? ಅಪ್ಪ, ಏನಾಯ್ತು?" ಎಂದಳು. ಹೇಳಬೇಕಾದವರು ನೀವು ಎಂಬಂತೆ ಹೆಂಡತಿ ನನ್ನನ್ನೇ ನೋಡಿದಳು.

ಹೇಳಿದೆ. ಮೂರು ಸಲ ಕಣ್ಣು ಮುಚ್ಚಿದ್ದು, ಮೂರು ಪೊಟ್ಟಣವೂ ಒಳಗೇ ಉಳಿದದ್ದು, ಬಿಸಿಲಿನಲ್ಲಿ ಮಲಗಿದ್ದ ಇನ್ನೊಂದು ಕೋವಿ ಮುಟ್ಟಿ ನೋಡಿದ್ದು, ಎಲ್ಲ ಗೊತ್ತಿದ್ದೂ ಅವಳ ಕೈಗೆ ಕೊಟ್ಟಿದ್ದು. ಯಾಕೆ ಕೊಟ್ಟೆ ಎಂದು ಕೇಳಿದಳು. ನೀವೆಲ್ಲ ನಗ್ತೀರಿ ಅಂತ ಹೆದರಿದೆ ಪುಟ್ಟ ಎಂದೆ.

ಅವಳು ನಗಲಿಲ್ಲ. ಫೋನು ಸೋಫಾದ ಮೇಲೆ ಇಟ್ಟು, ಎದ್ದು ಹೋಗಿ ಅಮ್ಮನ ಪಕ್ಕದಲ್ಲಿ ಕೂತಳು.